ನೂರು, ಐನೂರು ಎಂಬ ಎಣ್ಣೆಗಳು

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿಯನ್ನೇ ಕೊಟ್ಟು ಮದುವೆ! ತಪ್ಪಿದವನ ತಲೆ ಕೊಡಲಿಯ ಪಾಲು!"

ಡಂಗುರ ಕೇಳಿ ಮೊದಲು ಓಡಿಬಂದವರು ರೇಷ್ಮೆ ಪೇಟದವರು. ಎಲ್ಲರ ಹಿಂದೆ ನಿಂತವನು ಚಿಕ್ಕೀರ, ಅರಮನೆ ಗಾಡಿಗಳಿಗೆ ಕೀಲೆಣ್ಣೆ ಬಳಿಯುವವನು. ಪದ್ಮಲೆ ಎಣ್ಣೆ ಉಗ್ರಾಣಕ್ಕೆ ಬಂದಾಗಲೆಲ್ಲ ಬಾಗಿಲ ಸಂದಿಯಿಂದ ನೋಡಿ ನೋಡಿ, ಪಾಪ, ಅವನ ಎದೆಯೇ ಸವೆದುಹೋಗಿತ್ತು.

ಪದ್ಮಲೆ ಕೇಳಿದಳು: "ಒಂದೇ ಅಳತೆಯ ಎರಡು ಜಾಡಿ. ಒಂದರ ಎಣ್ಣೆಗೆ ನೂರು ಅಂತ ಹೆಸರು, ಇನ್ನೊಂದಕ್ಕೆ ಐನೂರು. ಏನದು?"

"ಬೆಲೆ!" ಅಂದ ಸಾಹುಕಾರನ ಮಗ. ಭಟರು ಅವನನ್ನು ಸೆರೆಗೆ ಎತ್ತಿಕೊಂಡೇ ಹೋದರು.

"ವಯಸ್ಸು! ಐನೂರು ವರ್ಷದ ಎಣ್ಣೆ!" ಅಂದ ದಂಡನಾಯಕನ ತಮ್ಮ.

"ಅದರಲ್ಲೇ ನಿನ್ನ ಬುದ್ಧಿ ಕರಿದಿರಬೇಕು," ಅಂದಳು ಪದ್ಮಲೆ. ಅವನೂ ಹೋದ.

ಚಿಕ್ಕೀರ ಮುಂದೆ ಬಂದ. "ಅಮ್ಮಣ್ಣಿ, ತಳದಲ್ಲಿ ತೂತಿರೋ ಕರಟಕ್ಕೆ ಎಣ್ಣೆ ತುಂಬಿ ಬೆರಳು ತೆಗೀತೀವಿ. ಪೂರ್ತಿ ಸೋರೋದ್ರೊಳಗೆ ನೂರು ಎಣಿಸಿದ್ರೆ ಅದು ನೂರು. ಮಂದದ್ದು ಸೋಮಾರಿ, ಐನೂರು ಎಣಿಸಬೇಕು."

ಪದ್ಮಲೆ ತಲೆಯಾಡಿಸಿ ಎರಡನೆಯದು ಕೇಳಿದಳು: "ಬೆಳಗಿನ ಚಳಿಯಲ್ಲಿ ಐನೂರಾಗಿದ್ದ ಎಣ್ಣೆ ಮಧ್ಯಾಹ್ನ ಮುನ್ನೂರಾಯಿತು. ಇನ್ನೂರು ಕದ್ದವರಾರು?"

"ಬಿಸಿಲು, ಅಮ್ಮಣ್ಣಿ. ಬಿಸಿಯಾದ್ರೆ ಎಣ್ಣೆ ತೆಳುವಾಗುತ್ತೆ. ಅದಕ್ಕೇ ಹೆಸರಿಡೋವಾಗ ಯಾವಾಗಲೂ ಮೈಬಿಸಿಯಷ್ಟು ಕಾಯಿಸೇ ಎಣಿಸೋದು."

"ನೂರರದ್ದು ಒಂದು ಸೇರು, ಐನೂರರದ್ದು ಒಂದು ಸೇರು ಬೆರೆಸಿದರೆ ಎಷ್ಟರದ್ದು?"

ಸಭೆಯೆಲ್ಲ "ಮುನ್ನೂರು" ಎಂದು ಪಿಸುಗುಟ್ಟಿತು. ದೊರೆಯೂ ಬೆರಳು ಮಡಿಸಿ ಮುನ್ನೂರೇ ಅಂದುಕೊಂಡ. ಕೊಡಲಿಯವನು ಒಂದು ಹೆಜ್ಜೆ ಹತ್ತಿರ ಬಂದ. ಕೂಡಿಸಿ ಭಾಗಿಸೋದು ಚಿಕ್ಕೀರನಿಗೆ ಬರುತ್ತಿರಲಿಲ್ಲ, ಬೆರೆಸೋದು ಬರುತ್ತಿತ್ತು.

"ಇನ್ನೂರು ಚಿಲ್ಲರೆ," ಅಂದ. "ತೆಳುವಾದದ್ದು ಮಂದದ್ದನ್ನ ತನ್ನ ಜೊತೆ ಓಡಿಸ್ಕೊಂಡು ಹೋಗುತ್ತೆ, ಅಮ್ಮಣ್ಣಿ. ನಡುಮಧ್ಯ ನಿಲ್ಲಲ್ಲ."

ಕರಟ ತರಿಸಿದರು, ಬೆರೆಸಿದರು, ಕಾಯಿಸಿದರು, ಇಡೀ ಆಸ್ಥಾನ ಶಾಲೆ ಮಕ್ಕಳ ಹಾಗೆ ಒಟ್ಟಿಗೇ ಎಣಿಸಿತು. ಇನ್ನೂರ ಹತ್ತಕ್ಕೆ ಕಡೇ ಹನಿ ಬಿತ್ತು.

"ಗೆದ್ದೆ ಕಣಯ್ಯ! ಇನ್ನೇನು ಬೇಕೋ ಕೇಳು," ಅಂದ ದೊರೆ.

"ಆ ಇಬ್ಬರನ್ನ ಬಿಟ್ಟುಬಿಡಿ, ಬುದ್ದಿ. ಒಂದು ದಿನವೂ ಎಣ್ಣೆ ಮುಟ್ಟದವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?"

ಪದ್ಮಲೆ ಮೆಟ್ಟಿಲಿಳಿದು ಬಂದು ಅವನ ಕೈ ಹಿಡಿದಳು. ಚಿಕ್ಕೀರ ಗಾಬರಿಯಾಗಿ, "ಅಯ್ಯೋ, ಕೈಯೆಲ್ಲ ಮಸಿ ಅಮ್ಮಣ್ಣಿ!" ಎಂದು ಹಿಂದಕ್ಕೆಳೆದ.

"ಎಳೀಬೇಡ್ವೋ, ಜಾರುತ್ತೆ," ಅಂದವಳು, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.