ಕಾಕರಣೆಯ ದನಿಯಲ್ಲಿ ಕೂಗಿದ ಕಾಜಾಣ

ಬೆಟ್ಟಗಳ ನಡುವೆ ಒಂದು ದಟ್ಟ ಕಾಡು. ಆ ಕಾಡಿನಲ್ಲಿ ಮಸಿಯಣ್ಣ ಎಂಬ ಕಾಜಾಣ ಹಕ್ಕಿ ಇದ್ದ. ಮೈಯೆಲ್ಲ ಮಿರಮಿರ ಮಿಂಚುವ ಕಪ್ಪು. ಯಾವ ಹಕ್ಕಿಯ ಕೂಗನ್ನಾದರೂ ಒಮ್ಮೆ ಕೇಳಿದರೆ ಸಾಕು, ಅದೇ ದನಿಯಲ್ಲಿ ಕೂಗಿಬಿಡುತ್ತಿದ್ದ. ಬೆಳಿಗ್ಗೆ ಗಿಳಿಯಾಗುತ್ತಿದ್ದ, ಮಧ್ಯಾಹ್ನ ಮರಕುಟಿಗನಾಗುತ್ತಿದ್ದ. ಕೇಳಿದವರೆಲ್ಲ ನಗುತ್ತಿದ್ದರು.

ಅದೇ ಕಾಡಿನ ಒಂದು ಒಣಗಿದ ಮರದ ಪೊಟರೆಯಲ್ಲಿ ಕಾಕರಣೆ ಹಕ್ಕಿಗಳ ಸಂಸಾರವಿತ್ತು. ಗಂಡ ಕೆಂಚನ ಎದೆ ಕಡುಗೆಂಪು. ಹೆಂಡತಿ ಜೇನಿಯದು ಜೇನಿನ ಬಣ್ಣ. ಕಾಕರಣೆಗಳು ಬಹಳ ಅಪರೂಪ, ಬಹಳ ನಾಚಿಕೆಯವು. ಬೆನ್ನು ತಿರುಗಿಸಿ ಅಲುಗಾಡದೆ ಕೂತರೆ ಎದುರಿಗಿದ್ದವರಿಗೂ ಕಾಣುವುದಿಲ್ಲ. ಆಗಷ್ಟೇ ಅವಕ್ಕೆ ಎರಡು ಮರಿಗಳಾಗಿದ್ದವು. ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಆದರೆ ಬಾಯಿ ಮಾತ್ರ ಸದಾ ತೆರೆದೇ ಇರುತ್ತಿತ್ತು.

ಒಂದು ದಿನ ಉದ್ದನೆಯ ಕ್ಯಾಮೆರಾಗಳನ್ನು ಹೆಗಲಿಗೆ ಹಾಕಿಕೊಂಡು ಐದಾರು ಜನ ಕಾಡಿಗೆ ಬಂದರು. ದಾರಿ ತೋರಿಸಲು ಆ ಸೀಮೆಯ ಜಡೇಗೌಡ ಮುಂದೆ ನಡೆಯುತ್ತಿದ್ದ. ಅವನ ಹಿಂದೆ ವೈಜಯಂತಿ ಎಂಬ ಹೆಂಗಸು.

"ಎಂಟು ಕಾಡು ಸುತ್ತಿದೀನಿ ಗೌಡ್ರೇ, ಕಾಕರಣೆ ಮಾತ್ರ ಸಿಕ್ಕಿಲ್ಲ. ಈ ಸಲ ಫೋಟೊ ತೆಗೀದೆ ವಾಪಸ್ ಹೋಗಲ್ಲ," ಎಂದಳು ಅವಳು.

"ಮೊದಲು ಕೂಗು ಕೇಳಿಸಬೇಕು ಮೇಡಂ. ಕೂಗು ಕೇಳಿದರೆ ಹಕ್ಕಿ ಹುಡುಕಬಹುದು," ಎಂದ ಜಡೇಗೌಡ.

ಮೇಲಿನ ಕೊಂಬೆಯಲ್ಲಿದ್ದ ಮಸಿಯಣ್ಣನ ಕಣ್ಣು ಅವರ ಕಾಲುಗಳ ಮೇಲಿತ್ತು. ಬೂಟುಗಳು ತರಗೆಲೆ ತುಳಿದ ಕಡೆಯೆಲ್ಲ ಮಿಡತೆಗಳು ಎಗರುತ್ತಿದ್ದವು, ಚಿಟ್ಟೆಗಳು ಗಾಬರಿಯಿಂದ ಮೇಲೇಳುತ್ತಿದ್ದವು. ಅವನು ಕೂತಲ್ಲಿಂದಲೇ ಹಾರಿ ಎರಡು ಹುಳ ಹಿಡಿದ. ಇವರು ದಿನವಿಡೀ ಹೀಗೆ ಓಡಾಡಿದರೆ ಎಷ್ಟು ಚೆನ್ನ ಎಂದು ಆಸೆ ಹುಟ್ಟಿತು. ಪೊದೆಯೊಳಗೆ ನುಗ್ಗಿ ಕಾಕರಣೆಯ ದನಿಯಲ್ಲಿ ಕೂಗಿದ.

"ಕ್ಯೂ... ಕ್ಯೂ... ಕ್ಯೂ..."

"ಕಾಕರಣೆ!" ಎಂದು ಎಲ್ಲರೂ ಆ ಕಡೆ ಧಾವಿಸಿದರು. ಹುಳುಗಳು ಎದ್ದವು. ಮಸಿಯಣ್ಣ ಹೊಟ್ಟೆ ತುಂಬ ತಿಂದ. ಆಮೇಲೆ ಹಳ್ಳದ ಆಚೆ ಹೋಗಿ ಕೂಗಿದ. ಅವರು ಹಳ್ಳ ದಾಟಿದರು. ಬಿದಿರು ಮೆಳೆಯಲ್ಲಿ ಕೂಗಿದ. ಅಲ್ಲಿಗೂ ಓಡಿದರು. ಯಾರಿಗೂ ಕೂರಲು ಪುರುಸೊತ್ತಿಲ್ಲ, ತಂದ ಬುತ್ತಿ ಬಿಚ್ಚಲೂ ಪುರುಸೊತ್ತಿಲ್ಲ.

ಆ ಕೂಗು ಪೊಟರೆಗೂ ಕೇಳಿಸಿತು. ಹುಳ ಹುಡುಕಲು ಹೊರಟಿದ್ದ ಕೆಂಚ ತಟ್ಟನೆ ನಿಂತ.

"ಕೇಳಿದೆಯಾ ಜೇನಿ? ನಮ್ಮ ಜಾಗಕ್ಕೆ ಬೇರೆ ಯಾವನೋ ಕಾಲಿಟ್ಟಿದ್ದಾನೆ!"

"ಇರಲಿ ಬಿಡಿ. ಮರಿಗಳು ಹಸಿದಿವೆ, ಮೊದಲು ಅವಕ್ಕೆ ಏನಾದರೂ ತನ್ನಿ."

"ಅವನನ್ನು ಓಡಿಸದಿದ್ದರೆ ನಾಳೆ ಈ ಪೊಟರೆಯೂ ನಮಗೆ ಉಳಿಯಲ್ಲ," ಎಂದು ಕೆಂಚ ಹಾರಿಹೋದ. ಹೋಗಿ ನೋಡಿದರೆ ಯಾರೂ ಇಲ್ಲ. ಅಷ್ಟರಲ್ಲಿ ಕೂಗು ಇನ್ನೊಂದು ದಿಕ್ಕಿನಿಂದ ಬಂತು. ಅಲ್ಲಿಗೆ ಹಾರಿದ. ಅಲ್ಲೂ ಇಲ್ಲ. ಸಂಜೆಯವರೆಗೂ ಇದೇ ಆಯಿತು. ಮರುದಿನವೂ ಇದೇ. ಜೇನಿ ಒಬ್ಬಳೇ ಮರಿಗಳನ್ನು ಕಾಯಬೇಕು, ಒಬ್ಬಳೇ ಹುಳ ತರಬೇಕು. ಹೊರಗೆ ಹೋದರೆ ಪೊಟರೆಯ ಚಿಂತೆ, ಒಳಗೆ ಕೂತರೆ ಹಸಿವಿನ ಚಿಂತೆ. ಎರಡು ಮರಿಗಳಲ್ಲಿ ಚಿಕ್ಕದು ಬಾಯಿ ತೆರೆಯುವುದನ್ನೇ ಬಿಟ್ಟಿತು.

ಪಕ್ಕದ ಮರದ ಕೆಂದಳಿಲಜ್ಜಿ ಇದನ್ನೆಲ್ಲ ಕಂಡಳು. ಕಾಜಾಣನನ್ನು ತಡೆದು ನಿಲ್ಲಿಸಿದಳು.

"ಮಸಿಯಣ್ಣ, ಸಾಕು ಮಾಡೋ. ಕೆಂಚ ಎರಡು ದಿನದಿಂದ ಒಂದು ಕಡೆ ಕೂತಿಲ್ಲ. ಆ ಚಿಕ್ಕ ಮರಿ ಉಳಿಯೋದೇ ಕಷ್ಟ ಆಗಿದೆ."

"ನಾನೇನು ಅವರ ಗೂಡು ಮುಟ್ಟಿದೆನಾ ಅಜ್ಜಿ? ಬರೀ ಕೂಗಿದೆ. ಓಡಾಡು ಅಂತ ಅವನಿಗೆ ನಾನು ಹೇಳಿದೆನಾ?"

"ಹೇಳಿದ್ದಕ್ಕಿಂತ ಹೆಚ್ಚಾಯ್ತಲ್ಲೋ ಇದು!"

"ಇನ್ನೊಂದೇ ದಿನ ಅಜ್ಜಿ. ಈ ಕ್ಯಾಮೆರಾದವರು ನಾಳೆ ಹೊರಡುತ್ತಾರೆ," ಎಂದು ಮಸಿಯಣ್ಣ ನಕ್ಕು ಹಾರಿಹೋದ.

ಮೂರನೆಯ ದಿನ ಅವನು ಕತ್ತಲುಗವಿದ ಒಂದು ಪೊದೆಯ ನಡುವೆ ಕೂತು ಕೂಗಲು ಶುರು ಮಾಡಿದ. ಹತ್ತಿರದ ಮತ್ತಿಮರದಲ್ಲಿ ಒಂದು ಗಿಡುಗ ಕೂತಿತ್ತು. ಗಿಡುಗ ಯಾವತ್ತೂ ಕಾಜಾಣದ ತಂಟೆಗೆ ಹೋಗುತ್ತಿರಲಿಲ್ಲ. ಕಾಜಾಣಗಳು ಜಗಳಗಂಟ ಹಕ್ಕಿಗಳು, ಅಟ್ಟಿಸಿಕೊಂಡು ಬಂದು ತಲೆಗೆ ಕುಕ್ಕುತ್ತವೆ. ಆದರೆ ಕಾಕರಣೆ ಸಾಧು, ತಿರುಗಿ ಬೀಳುವುದಿಲ್ಲ. ಎಲೆಗಳ ಮರೆಯಿಂದ ಕಾಕರಣೆಯ ಕೂಗು ಬರುತ್ತಿದೆ ಎಂದು ಗಿಡುಗ ಸದ್ದಿಲ್ಲದೆ ರೆಕ್ಕೆ ಮಡಚಿ ಎರಗಿತು.

ಉಗುರುಗಳು ಬಲರೆಕ್ಕೆಯನ್ನು ಕಚ್ಚಿ ಹಿಡಿದವು. ಮಸಿಯಣ್ಣ ಪ್ರಾಣಭಯದಿಂದ ತನ್ನ ಸ್ವಂತ ದನಿಯಲ್ಲಿ ಕಿರುಚಿದ.

"ಬಿಡು! ನಾನು ಕಾಕರಣೆ ಅಲ್ಲ! ಕಾಜಾಣ! ಕಾಜಾಣ!"

"ಮತ್ತೆ ಅವರ ದನಿ ಯಾಕೆ ಹಾಕಿದೆ?" ಎಂದು ಗಿಡುಗ ಬಿಗಿಯಾಗಿ ಒತ್ತಿತು.

ಅಷ್ಟರಲ್ಲಿ ಕೂಗು ಕೇಳಿದ ಜನ ಪೊದೆ ಸೀಳಿಕೊಂಡು ನುಗ್ಗಿದರು. ಗಿಡುಗ ಬೆದರಿ ಹಿಡಿತ ಸಡಿಲಿಸಿ ಹಾರಿತು. ಮಸಿಯಣ್ಣ ರೆಕ್ಕೆ ಜೋತುಬಿದ್ದು ತರಗೆಲೆಯ ಮೇಲೆ ಉರುಳಿದ. ಎಲ್ಲರ ಕ್ಯಾಮೆರಾಗಳೂ ಅವನ ಕಡೆ ತಿರುಗಿದವು, ಹಾಗೆಯೇ ಕೆಳಗಿಳಿದವು.

"ಅಯ್ಯೋ, ಬರೀ ಕಾಜಾಣ ಕಣ್ರೀ! ಇದು ನಮ್ಮ ಊರಿನ ಹತ್ತಿರವೂ ಇರುತ್ತೆ," ಎಂದಳು ವೈಜಯಂತಿ.

"ಮೂರು ದಿನ ನಮ್ಮನ್ನು ಕುಣಿಸಿದ್ದು ಇದೇ ಮೇಡಂ," ಎಂದ ಜಡೇಗೌಡ.

ಆಗ ಎದುರಿನ ಬಳ್ಳಿಯ ಮೇಲೆ ಕೆಂಪು ಮಿಂಚಿತು. ತನ್ನ ವೈರಿಯನ್ನು ಹುಡುಕಿಕೊಂಡು ಕೆಂಚನೇ ಬಂದಿದ್ದ. ಕೊಕ್ಕಿನಲ್ಲಿ ದಾರಿಯಲ್ಲಿ ಸಿಕ್ಕ ಒಂದು ಹಸಿರು ಹುಳ. ವೈಜಯಂತಿ ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿದಳು.

"ಬಾಯಲ್ಲಿ ಹುಳ ಇದೆ ಮೇಡಂ," ಎಂದು ಜಡೇಗೌಡ ಪಿಸುಗುಟ್ಟಿದ. "ಎಲ್ಲೋ ಮರಿಗಳಿವೆ. ನಾವು ಇಲ್ಲಿ ನಿಂತಿರೋ ತನಕ ಅದು ಗೂಡಿಗೆ ಹೋಗಲ್ಲ."

ಅವಳು ಕ್ಯಾಮೆರಾ ಕೆಳಗಿಳಿಸಿ, ಅದರ ಮುಚ್ಚಳ ಹಾಕಿದಳು. "ನಡೀರಿ, ಹೋಗೋಣ," ಎಂದಳು. ಒಂದೂ ಫೋಟೊ ತೆಗೆಯದೆ ಎಲ್ಲರೂ ಬಂದ ದಾರಿಯಲ್ಲಿ ಹಿಂದಿರುಗಿದರು.

ಕೆಂಚ ನೆಲದ ಮೇಲಿದ್ದ ಕಾಜಾಣನನ್ನು ನೋಡಿದ. "ಅಂದರೆ, ಕೂಗುತ್ತಿದ್ದವನು ನೀನಾ?"

"ಹೌದು. ಬರೀ ಹುಳುಗಳ ಆಸೆಗೆ ಕೂಗಿದೆ ಕೆಂಚ. ತಪ್ಪಾಯ್ತು."

ಕೆಂಚನಿಗೆ ಬೈಯಲೂ ಹೊತ್ತಿರಲಿಲ್ಲ. ನೇರವಾಗಿ ಪೊಟರೆಗೆ ಹಾರಿದ. ಜೇನಿ ಚಿಕ್ಕ ಮರಿಯನ್ನು ಮುಂದಕ್ಕೆ ತಳ್ಳಿದಳು. ಅದು ಬಹಳ ಹೊತ್ತಿನ ಮೇಲೆ ಬಾಯಿ ತೆರೆಯಿತು. ಹುಳ ನುಂಗಿ, ಇನ್ನೊಂದಕ್ಕಾಗಿ ಮತ್ತೆ ತೆರೆಯಿತು.

ಮಸಿಯಣ್ಣನ ರೆಕ್ಕೆ ಮತ್ತೆ ಮೊದಲಿನಂತಾಗಲಿಲ್ಲ. ಕಾಡಿನಲ್ಲಿ ಮಿಡತೆಗಳು ಹಾರುತ್ತಲೇ ಇದ್ದವು. ಅವನು ಮಾತ್ರ ಪೊದೆಯಿಂದ ಪೊದೆಗೆ ಕುಪ್ಪಳಿಸುತ್ತ, ಇರುವೆ ಹೆಕ್ಕಿ ತಿನ್ನುತ್ತ, ತಲೆಯೆತ್ತಿ ಆ ಮಿಡತೆಗಳನ್ನು ನೋಡುತ್ತಿದ್ದ.

ನೀತಿ: ತನ್ನ ಸಣ್ಣ ಆಸೆಗಾಗಿ ಇನ್ನೊಬ್ಬರ ನೆಮ್ಮದಿ ಕೆಡಿಸುವವನು ಕೊನೆಗೆ ತಾನೇ ಕೇಡಿಗೆ ಸಿಕ್ಕಿಬೀಳುತ್ತಾನೆ.