ನಾಲ್ಕು ಬೆರಳು ಮೇಲೆ

ಇನ್ನಾಸಪ್ಪ ಸ್ವಾಮಿಗಳು ಯಾರನ್ನಾದರೂ ಗದರಿದ್ದನ್ನು ನಾನು ಕಂಡಿಲ್ಲ. ಅವರ ಆಶ್ರಮದಲ್ಲಿ ಹದಿನೆಂಟು ವರ್ಷ ಅಡುಗೆ ಮಾಡಿದವಳು ನಾನು. ಕಂಡಿದ್ದರೆ ಹೇಳಿಬಿಡುತ್ತಿದ್ದೆ, ಮುಚ್ಚಿಡುವ ಜಾಯಮಾನ ನನ್ನದಲ್ಲ.

ಆಶ್ರಮ ಅಂದರೆ ಕಬಿನಿ ದಂಡೆಯ ಮೇಲೆ ಮೂರು ಹೆಂಚಿನ ಕೋಣೆ, ಒಂದು ಶಿಲುಬೆ. ಅಲ್ಲಿ ಇದ್ದದ್ದು ಒಂದೇ ಕಟ್ಟಳೆ. ದಿನಾ ಬೆಳಿಗ್ಗೆ ಒಂದು ಗಂಟೆ ಹೊಳೆಯ ಎದುರು ಕೂತು, ಪ್ರಭುವಿನ ಸನ್ನಿಧಿಯಲ್ಲಿ ಸುಮ್ಮನಿರಬೇಕು.

ಅಲ್ಲಿಗೆ ಚೌರಪ್ಪ ಅಂತ ಒಬ್ಬ ಶಿಷ್ಯ ಬಂದ. ಮೂವತ್ತೈದರ ಗಟ್ಟಿ ಆಳು. ಪಾಸ್ಖ ಹಬ್ಬದ ದಿನ, ಅಂದರೆ ಈಸ್ಟರ್ ದಿನ, ಸನ್ಯಾಸದ ವ್ರತ ತೆಗೆದುಕೊಂಡು, ಸಾಯೋವರೆಗೂ ಅಲ್ಲೇ ಇದ್ದುಬಿಡಬೇಕು ಅನ್ನೋದು ಅವನ ಆಸೆ.

ಬಂಗಾರದಂಥ ಮನುಷ್ಯ. ಇದ್ದದ್ದು ಒಂದೇ ಚಟ, ನಶ್ಯ. ಕಾಲು ಗಂಟೆಗೊಮ್ಮೆ ಕೈ ಸೊಂಟಕ್ಕೆ ಹೋಗಬೇಕು, ಡಬ್ಬಿ ತೆರೆಯಬೇಕು, ಒಂದು ಚಿಟಿಕೆ ಮೂಗಿಗೆ ಏರಬೇಕು. ಆ ಮೌನದ ಹೊತ್ತಿನಲ್ಲಿ ಅವನು ಸೀನಿದರೆ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತಿ ನೋಡುತ್ತಿದ್ದರು.

ಪಾಸ್ಖಕ್ಕೆ ಮುಂಚಿನ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ, ಹಣೆಗೆ ಬೂದಿ ಹಚ್ಚಿಸಿಕೊಂಡವನೇ ಸ್ವಾಮಿಗಳ ಕಾಲಿಗೆ ಬಿದ್ದ.

“ಈ ತಪಸ್ಸು ಕಾಲದ ನಲವತ್ತು ದಿನ ನಶ್ಯ ಮುಟ್ಟೋದಿಲ್ಲ ಸ್ವಾಮಿ. ಈ ಚಟ ಬಿಡೋಕಾಗದಿದ್ರೆ ನಾನು ಇಲ್ಲಿರೋಕೆ ಲಾಯಕ್ಕಲ್ಲ. ಗಂಟುಮೂಟೆ ಕಟ್ಕೊಂಡು ಹೋಗ್ತೀನಿ.”

“ಹೋಗು ಅಂತ ನಾನು ಹೇಳಿದ್ನೇನಯ್ಯ?”

“ಇಲ್ಲ ಸ್ವಾಮಿ. ನಾನೇ ಹೇಳ್ತಿದೀನಿ.”

“ಹಾಗಾದ್ರೆ ಸರಿ,” ಅಂದು ಸ್ವಾಮಿಗಳು ಎದ್ದು ಹೋದರು.

ಗುರುವಾರ, ಶುಕ್ರವಾರ, ಶನಿವಾರ ಕಳೆಯಿತು. ಪರವಾಗಿಲ್ಲ, ಆಸಾಮಿ ಗಟ್ಟಿಗ ಅಂದುಕೊಂಡೆ. ಭಾನುವಾರ ಪೂಜೆ ಮುಗಿದದ್ದೇ ತಡ, ಅಡುಗೆಮನೆಯ ಹಿಂದೆ ಸೀನೋ ಸೀನು! ಹೋಗಿ ನೋಡಿದರೆ ನಮ್ಮ ಚೌರಪ್ಪ, ಮೂಗು ಕೆಂಪಗೆ, ಕಣ್ಣಲ್ಲಿ ನೀರು.

“ಏನಪ್ಪಾ ಇದು ಅವತಾರ?”

“ತಪಸ್ಸು ಕಾಲದ ನಲವತ್ತು ದಿನಕ್ಕೆ ಭಾನುವಾರ ಸೇರೋದಿಲ್ಲ ರೆಜಿನಕ್ಕ. ಬೇಕಾದ್ರೆ ಕ್ಯಾಲೆಂಡರ್ ನೋಡ್ಕೊಳ್ಳಿ.”

ನೋಡಿದೆ. ಬೂದಿ ಬುಧವಾರದಿಂದ ಪಾಸ್ಖದ ಹಿಂದಿನ ದಿನದವರೆಗೆ ನಲವತ್ತಾರು ದಿನ. ಆರು ಭಾನುವಾರ ತೆಗೆದರೆ ಸರಿಯಾಗಿ ನಲವತ್ತು. ನಾನು ಹುಟ್ಟಿದಾಗಿನಿಂದ ತಪಸ್ಸು ಕಾಲ ಆಚರಿಸಿದವಳು, ನನಗೆ ಹೊಳೆಯದ್ದು ಈ ಪುಣ್ಯಾತ್ಮನಿಗೆ ಹೊಳೆದಿತ್ತು!

ಇನ್ನೂ ಎರಡು ಭಾನುವಾರ ಹೀಗೇ ನಡೆಯಿತು. ಶನಿವಾರ ಮಧ್ಯಾಹ್ನದಿಂದಲೇ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪೂಜೆಯಲ್ಲಿ ನಿಂತರೂ ಕಣ್ಣು ಬಾಗಿಲ ಕಡೆಗೇ. ಮೂರನೆಯ ಭಾನುವಾರ ಸ್ವಾಮಿಗಳೇ ಹಿತ್ತಲಿಗೆ ಬಂದರು.

ಚೌರಪ್ಪ ದಡಬಡಿಸಿ ಎದ್ದ. “ಭಾನುವಾರ ನಲವತ್ತರಲ್ಲಿ ಸೇರೋದಿಲ್ಲ ಸ್ವಾಮಿ.”

“ನಿಜ. ಭಾನುವಾರ ಯಾರ ದಿನ?”

“ಪ್ರಭುವಿನ ದಿನ.”

“ವಾರವೆಲ್ಲ ನೀನು ಯಾವ ಪ್ರಭುವಿಗೆ ಕಾಯ್ತಿದ್ದೆ?”

ಚೌರಪ್ಪನ ಮುಖ ಬಿಳಿಚಿಕೊಂಡಿತು. ನೆಟ್ಟಗೆ ಹೊಳೆಗೆ ಹೋಗಿ ಡಬ್ಬಿ ಎಸೆದು ಬಂದ.

ಡಬ್ಬಿ ಹೋಯಿತು, ಕೈ ಕೇಳಬೇಕಲ್ಲ! ಸೊಂಟ ತಡಕುತ್ತದೆ, ಏನೂ ಸಿಗದಿದ್ದರೂ ಬರಿ ಚಿಟಿಕೆ ಹಿಡಿದು ಮೂಗಿಗೆ ಏರುತ್ತದೆ. ಮೌನಕ್ಕೆ ಕೂತಾಗ ಟವೆಲಿನಿಂದ ಕೈ ಕಟ್ಟಿಕೊಂಡ. ಆಗಲಿಲ್ಲ ಅಂತ ಕೈ ಮೇಲೆಯೇ ಕೂತ. ಬಡಿಸಿದ ಅನ್ನ ತಟ್ಟೆಯಲ್ಲೇ ಆರುತ್ತಿತ್ತು.

ಹತ್ತು ದಿನ ಕಳೆದ ಮೇಲೆ ಬಟ್ಟೆಗಂಟು ಹಿಡಿದು ಸ್ವಾಮಿಗಳ ಮುಂದೆ ನಿಂತ.

“ಹೊರಟೆ ಸ್ವಾಮಿ.”

“ನಶ್ಯ ಹಾಕಿದ್ಯಾ?”

“ಇಲ್ಲ. ಆದರೆ ನಿನ್ನೆ ಒಂದೇ ದಿನ ಅರವತ್ತು ಸಲ ಕೈ ಮೂಗಿಗೆ ಹೋಯ್ತು. ಪ್ರಭುವಿನ ಮುಂದೆ ಕೂತರೂ ಅದೇ ಕಥೆ. ಇಂಥ ಕೈ ಇಟ್ಕೊಂಡು ಯಾವ ಮುಖದಲ್ಲಿ ವ್ರತ ತಗೊಳ್ಲಿ? ಕತ್ತರಿಸಿ ಹಾಕೋಣ ಅನ್ನಿಸ್ತದೆ.”

ಅಷ್ಟು ದೊಡ್ಡ ಆಳು ನನ್ನ ಎದುರೇ ಅತ್ತುಬಿಟ್ಟ.

“ಕೈ ಹ್ಯಾಗೆ ಹೋಗ್ತದೆ, ತೋರಿಸು,” ಅಂದರು ಸ್ವಾಮಿಗಳು.

ನಾಚಿಕೆಪಡುತ್ತಲೇ ಅವನು ಬೆರಳು ಚಿಟಿಕೆ ಮಾಡಿ ಮೂಗಿನವರೆಗೆ ತಂದ. ಸ್ವಾಮಿಗಳು ಮೆಲ್ಲಗೆ ಅವನ ಮಣಿಕಟ್ಟು ಹಿಡಿದರು.

“ಇನ್ನು ನಾಲ್ಕು ಬೆರಳು ಮೇಲೆ.”

ಕೈ ಹಣೆಯನ್ನು ಮುಟ್ಟಿತು. “ಪಿತನ,” ಅಂದರು. ಅದೇ ಕೈಯನ್ನು ಎದೆಗಿಳಿಸಿ, “ಮತ್ತು ಸುತನ.” ಎಡ ಭುಜಕ್ಕೆ, ಬಲ ಭುಜಕ್ಕೆ ಮುಟ್ಟಿಸಿ, “ಮತ್ತು ಪವಿತ್ರಾತ್ಮರ ನಾಮದಲ್ಲಿ.”

ಚೌರಪ್ಪ ಕಣ್ಣು ಪಿಳಿಪಿಳಿ ಬಿಟ್ಟ.

“ಮೂಗಿನ ತನಕ ಕೈ ತಾನಾಗೇ ಬರ್ತದೆ. ಅಲ್ಲಿಂದಾಚೆ ನೀನು ಕರ್ಕೊಂಡು ಹೋಗು. ಅದನ್ನ ಬಯ್ಯಬೇಡ.”

“ಅರವತ್ತು ಸಲ ಬಂದ್ರೆ?”

“ಅರವತ್ತು ಸಲ ಶಿಲುಬೆ ಗುರುತು! ನಾನಿನ್ನೂ ದಿನಕ್ಕೆ ಇಪ್ಪತ್ತು ದಾಟಿಲ್ಲ ಕಣಯ್ಯ.”

ಚೌರಪ್ಪ ಅಳುತ್ತಿದ್ದವನು ನಕ್ಕ. ನಾನು ಹೋಗಿ ಅವನ ಕೈಯಿಂದ ಗಂಟು ಕಿತ್ತುಕೊಂಡು ಒಳಗೆ ಇಟ್ಟೆ.

ಅಲ್ಲಿಂದ ಮುಂದೆ ನೀರು ಸೇದುವಾಗ, ಕಸ ಗುಡಿಸುವಾಗ, ಕೈ ಎದ್ದಾಗಲೆಲ್ಲ ಹಣೆಗೆ ಹೋಗುತ್ತಿತ್ತು. ಮೊದಮೊದಲು ಒದ್ದಾಡಿದ, ಆಮೇಲೆ ಅದೇ ರೂಢಿಯಾಯಿತು. ಅನ್ನ ಉಣ್ಣತೊಡಗಿದ.

ಪಾಸ್ಖದ ಹಿಂದಿನ ದಿನ ಬೆಳಿಗ್ಗೆ ಸೌದೆ ತರಲು ಹೋದವಳು ಹೊಳೆ ಕಡೆ ನೋಡಿ ಹಾಗೇ ನಿಂತೆ. ಚೌರಪ್ಪ ಕೂತಿದ್ದ. ಎರಡು ಕೈಯೂ ತೊಡೆಯ ಮೇಲಿದ್ದವು. ಒಲೆ ಹಚ್ಚಿ, ಗಂಜಿಗಿಟ್ಟು ಮತ್ತೆ ಬಂದು ನೋಡಿದೆ. ಹಾಗೇ ಇದ್ದ. ಎಂಥ ಗುರು, ಎಂಥ ಶಿಷ್ಯ!

ಗಂಟೆ ಮುಗಿದ ಮೇಲೆ ಎದ್ದು ಬಂದವನ ಮುಖದಲ್ಲಿ ಮಾತ್ರ ಭಯ.

“ಸ್ವಾಮಿ, ತಪ್ಪಾಗಿಹೋಯ್ತು.”

“ಏನಾಯ್ತು?”

“ಆಸೆ ಎದ್ದಾಗಲೆಲ್ಲ ಪ್ರಭುವನ್ನ ನೆನೀತಿದ್ದೆ. ಇವತ್ತು ಆಸೆನೇ ಏಳಲಿಲ್ಲ. ಗಂಟೆಪೂರ್ತಿ ಪ್ರಭುವನ್ನ ಒಂದು ಸಲಾನೂ ನೆನೀದೆ ಕೂತುಬಿಟ್ಟೆ. ನಾಳೆ ವ್ರತ. ನಾನು ಇರಲೋ, ಹೋಗಲೋ?”

ಸ್ವಾಮಿಗಳು ಅವನ ತಲೆಯ ಮೇಲೆ ಕೈ ಇಟ್ಟರು. ಅವರ ಕಣ್ಣು ತುಂಬಿ ಬಂದಿತ್ತು.

“ಇರಪ್ಪ. ಇಷ್ಟು ದಿನ ನೀನು ಪ್ರಭುವನ್ನ ನೆನೆದೆ. ಇವತ್ತು ಪ್ರಭುವೇ ನಿನ್ನನ್ನ ನೆನೀತಾ ಕೂತಿದ್ರು.”