ಸಾವಿರ ವರ್ಷದ ಗುಡಿಯ ಎರಡು ಕಂಬಗಳು

ಜಪಾನಿನ ಒಂದು ಪುರಾತನ ಶಿಂಟೋ ಗುಡಿಯನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸ ಮರದಿಂದ ಕಟ್ಟಿ, ದೇವರನ್ನು ಅಲ್ಲಿಗೆ ಸಾಗಿಸಿ, ಹಳೆಯದನ್ನು ಬಿಚ್ಚುವುದು ಪದ್ಧತಿ. ಅಂಥ ಒಂದು ವರ್ಷ, ದೇವರು ಹೊರಟುಹೋದ ಗುಡಿಯ ಕಂಬಕ್ಕೆ ಪಕ್ಕದ ಹೊಸ ಕಂಬವನ್ನು ಕಂಡು ಹೊಟ್ಟೆ ಉರಿಯಿತು. ಯಾತ್ರಿಕರೆಲ್ಲ ಅದರ ಮುಂದೆಯೇ ತಲೆಬಾಗಿ, "ಸಾವಿರ ವರ್ಷದ ಗುಡಿ, ನೋಡಿದರೇ ತಿಳಿಯುತ್ತದೆ" ಎನ್ನುತ್ತಿದ್ದರು.

"ಮೊನ್ನೆಯವರೆಗೆ ನಿನ್ನ ಮೇಲೆ ಅಳಿಲು ಓಡಾಡುತ್ತಿತ್ತು," ಎಂದಿತು ಹಳೆಯ ಕಂಬ. "ನಿನಗೆ ಸಾವಿರ ವರ್ಷವೇ? ಅವರಿಗೆ ನಿಜ ಹೇಳು."

"ಆಗಲಿ ಅಣ್ಣ. ನೀವು ಹೊಸದಾಗಿ ಬಂದಾಗ ಏನು ಹೇಳಿದ್ದಿರೋ ಅದನ್ನೇ ಹೇಳುತ್ತೇನೆ."

ಬಡಗಿಗಳು ಹಳೆಯ ಕಂಬವನ್ನು ಬಿಚ್ಚಿ, ಹೆರೆದು, ದೂರದ ಹಳ್ಳಿಯ ಪುಟ್ಟ ಗುಡಿಯ ಹೆಬ್ಬಾಗಿಲಿಗೆ ನಿಲ್ಲಿಸಿದರು. ಹಳ್ಳಿಯವರು ಸಾಲುಗಟ್ಟಿ ಬಂದು ಮುಟ್ಟಿದರು. "ದೊಡ್ಡ ಗುಡಿಯದಂತೆ, ಸಾವಿರ ವರ್ಷದ ಕಂಬ," ಎಂದಳು ಒಬ್ಬ ಮುದುಕಿ.

ಆ ಬಾಗಿಲಲ್ಲಿ ನಿಜಕ್ಕೂ ಸಾವಿರ ವರ್ಷದಿಂದ ಬಿದ್ದಿದ್ದ ಮೆಟ್ಟಿಲುಗಲ್ಲಿಗೆ ಸಹಿಸಲಾಗಲಿಲ್ಲ. "ನಿಜ ಹೇಳು, ನಿನಗೆ ಎಷ್ಟು ವಯಸ್ಸು?"

"ನನ್ನನ್ನೇಕೆ ಕೇಳುತ್ತೀಯೆ," ಎಂದಿತು ಕಂಬ. "ಭಕ್ತರನ್ನು ಕೇಳು."